ದೊರೆಸಾನಿಯ ಕತ್ತಿನ ಹಳದಿ ಗೀರು

ಸಾರಕ್ಕಿ ಕೆರೆ ಏರಿಯಿಂದ ಇಳಿದರೆ ಸಿಗುವ ಹಳೇ ಊರಿನ ಬೀದಿಯಲ್ಲಿ ಬೈರಮ್ಮನ ಮನೆ. ಅವಳ ಮಾವ ರಾಗಿ ಬೆಳೆದ ಹೊಲದ ಮೇಲೆ ಈಗ ಬಾಡಿಗೆ ಮನೆಗಳೆದ್ದಿವೆ. ಆ ವ್ಯವಹಾರವೆಲ್ಲ ಗಂಡ ರಾಮಯ್ಯನದು. ಬೈರಮ್ಮನ ಪಾಳೇಪಟ್ಟು ಹಿತ್ತಲ ಕಡೆಯ ಕಿಟಕಿ. ಅದರ ಕೆಳಗೊಂದು ಹಲಗೆ, ಹಲಗೆಯ ಮೇಲೆ ಕೈ ಮುರಿದ, ಕಾಲು ಮುರಿದ, ಮೂಗು ಹಾರಿದ ಪಿಂಗಾಣಿ ಗೊಂಬೆಗಳು.

ಈ ವಿದ್ಯೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಹಿಂದೊಮ್ಮೆ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಒಡೆದ ಪಿಂಗಾಣಿ ನಾಯಿಯೊಂದನ್ನು ಬಿಸಾಡಿ ಹೋಗಿದ್ದರು. ಕೂಡಿಸಿದರೆ ಕೂಡೀತೇನೋ ಎಂದು ಮೊದಲು ಮೈದಾ ಅಂಟು ಹಚ್ಚಿದಳು, ಇರುವೆ ಮುತ್ತಿತು. ಹಳೇ ಗೋಡೆಗೆ ಗಾರೆ ಕಲಸುತ್ತಿದ್ದುದು ನೆನಪಾಗಿ ಸುಣ್ಣಕ್ಕೆ ಬೆಲ್ಲ ಬೆರೆಸಿ ನೋಡಿದಳು. ನಾಯಿ ನಿಂತಿತು, ಬಾಲ ನಿಲ್ಲಲಿಲ್ಲ. ಆಮೇಲೆ ಹಾರ್ಡ್‌ವೇರ್ ಅಂಗಡಿಯ ಎರಡು ಟ್ಯೂಬಿನ ಅಂಟು ಕೈಗೆ ಬಂತು. ಅದಕ್ಕೆ ಸೀಮೆಸುಣ್ಣದ ಪುಡಿ ಕಲಸಿ ಮುಕ್ಕಾದ ಬೆರಳು ಕಟ್ಟುವುದು, ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡುವುದು, ಮೇಕೆ ಕೂದಲಿನ ಕುಂಚದಲ್ಲಿ ಬಣ್ಣ ತೀಡುವುದು, ಎಲ್ಲ ಅವಳೇ ಕಂಡುಕೊಂಡದ್ದು. ಅಂಟು ಒಣಗುವ ತನಕ ಗೊಂಬೆಯನ್ನು ಓರೆಯಾಗಿ ನಿಲ್ಲಿಸಲು ರಾಗಿ ತುಂಬಿದ ಬೋಗುಣಿ ಇಟ್ಟುಕೊಂಡಿದ್ದಳು. ಸೊಂಟದ ತನಕ ರಾಗಿಯಲ್ಲಿ ಹೂತರೆ ಎಂಥದೂ ಹೇಳಿದ ಹಾಗೆ ನಿಲ್ಲುತ್ತದೆ. ರಾಮಯ್ಯ ಮುದ್ದೆ ಮುರಿಯುವಾಗಲೆಲ್ಲ, ಯಾರದಾದರೂ ಕಿವಿಗಿವಿ ಸಿಕ್ಕೀತೆಂದು ಬೆದಕಿ ನೋಡುವ ನಾಟಕ ಆಡುತ್ತಿದ್ದ.

ಅವಳಿಗಿದ್ದ ಜಂಬ ಒಂದೇ. ತಾನು ಕೂಡಿಸಿದ ಜಾಗ ಯಾರ ಕಣ್ಣಿಗೂ ಕಾಣಬಾರದು. ಅಕ್ಕಪಕ್ಕದವರು ತಂದುಕೊಟ್ಟ ಗೊಂಬೆ ವಾಪಸು ಕೊಡುವಾಗ, ಎಲ್ಲಿ ಒಡೆದಿತ್ತು ತೋರಿಸಿ ನೋಡೋಣ ಎಂದು ಒಡೆದವರನ್ನೇ ಕೇಳುತ್ತಿದ್ದಳು.

ಕಳೆದ ಶ್ರಾವಣದಲ್ಲಿ ಜೆ.ಪಿ. ನಗರದ ಪದ್ಮಶ್ರೀ ಎಂಬ ಹೆಣ್ಣುಮಗಳು ಟವೆಲಿನಲ್ಲಿ ಸುತ್ತಿ ಒಂದು ಗೊಂಬೆ ತಂದಳು. ಅಗಲ ಟೋಪಿ ಹಾಕಿ ಕೊಡೆ ಹಿಡಿದ ದೊರೆಸಾನಿ. ಜೇಡರ ಬಲೆ ಹೊಡೆಯುವಾಗ ಪೊರಕೆ ತಗುಲಿ ಬಿದ್ದು, ಕೊಡೆ ಹಿಡಿದ ಕೈ ಮುರಿದಿತ್ತು. ತಾನೇ ಏನೋ ಅಂಟು ಹಚ್ಚಿ ಸೊಟ್ಟಗೆ ಕೂರಿಸಿದ್ದಳು. ಗೊಂಬೆ ಅವಳ ಅತ್ತೆ ಬಸವಲಿಂಗಮ್ಮನದು. ತೀರಿಹೋದ ಮಾವ ಮೈಸೂರಿನಿಂದ ತಂದುಕೊಟ್ಟದ್ದು. ತಾನು ಮದುವೆಯಾಗಿ ಬಂದಾಗಿನಿಂದ ಅದನ್ನು ಅತ್ತೆಯೊಬ್ಬರೇ ಮುಟ್ಟುವುದು, ಅವರೇ ಒರೆಸುವುದು, ಬೇರೆಯವರು ಶೋಕೇಸಿನ ಗಾಜು ಸರಿಸಿದರೂ ಮುಖ ದಪ್ಪಗಾಗುತ್ತದೆ ಎಂದಳು. ಅತ್ತೆ ದಾವಣಗೆರೆಯ ಮಗಳ ಮನೆಗೆ ಹೋಗಿದ್ದರು. ಅವರು ಬರುವುದರೊಳಗೆ ಗೊಂಬೆ ಒಡೆದೇ ಇರಲಿಲ್ಲ ಎನ್ನುವ ಹಾಗೆ ಆಗಬೇಕು. ಹೋದ ವರ್ಷ ಒಂದು ಲೋಟ ಒಡೆದದ್ದಕ್ಕೇ ಅತ್ತೆ ಹಬ್ಬದ ತನಕ ಮಾತು ಬಿಟ್ಟಿದ್ದರಂತೆ.

ಬೈರಮ್ಮ ಆ ಸೊಟ್ಟ ಕೈ ಬಿಡಿಸಲು ಗೊಂಬೆಯನ್ನು ಬಿಸಿನೀರಿನಲ್ಲಿ ನೆನೆಹಾಕಿದಳು. ಕೈ ಬಿಟ್ಟುಕೊಂಡಿತು. ಅದರ ಹಿಂದೆಯೇ ತಲೆಯೂ ಬಿಟ್ಟುಕೊಂಡಿತು. ನೋಡಿದರೆ ಅಗಲ ಟೋಪಿಯ ಕೆಳಗೆ, ಮೇಲಿನಿಂದ ಕಾಣದ ಹಾಗೆ, ಕತ್ತನ್ನು ಯಾರೋ ಯಾವ ಕಾಲದಲ್ಲೋ ಅಂಟಿಸಿದ್ದಾರೆ. ಹಲಸಿನ ಮೇಣದಂಥ ಹಳದಿ ಅಂಟು, ಕಿವಿಯಿಂದ ಕಿವಿಗೆ ಡೊಂಕಾದ ಗೀರು, ನಡುವೆ ಸಾಸಿವೆ ಕಾಳಿನಷ್ಟು ಉಬ್ಬು. ಎಂಥ ಹೊಲಸು ಕೆಲಸ ಎಂದು ಬೈದುಕೊಳ್ಳುತ್ತ ಅದನ್ನೆಲ್ಲ ಕೆರೆದು, ಕತ್ತನ್ನೂ ಕೈಯನ್ನೂ ಕೂಡಿಸಿ, ತೀಡಿ, ಬಣ್ಣ ಹಚ್ಚಿದಳು. ಎಲ್ಲೂ ಒಂದು ಕೂದಲೆಳೆ ಗುರುತಿರಲಿಲ್ಲ.

ರಾಗಿಯಲ್ಲಿ ನಿಂತ ದೊರೆಸಾನಿಯನ್ನು ನೋಡಿ ಹೆಮ್ಮೆ ಪಡುತ್ತಿದ್ದಾಗಲೇ ಅವಳಿಗೊಂದು ಯೋಚನೆ ಬಂತು. ಅತ್ತೆಯೊಬ್ಬಳೇ ಮುಟ್ಟುವ ಗೊಂಬೆಯ ಕತ್ತು ಮುರಿದವರು ಯಾರು, ಅಂಟಿಸಿದವರು ಯಾರು? ಗಂಡ ತಂದುಕೊಟ್ಟದ್ದನ್ನು ಕೈತಪ್ಪಿ ಒಡೆದು, ಯಾರಿಗೂ ಹೇಳದೆ ಕೂಡಿಸಿ, ಇಷ್ಟು ವರ್ಷ ಶೋಕೇಸು ಕಾಯುತ್ತ ಕೂತವಳು ಬಸವಲಿಂಗಮ್ಮನೇ. ಅವಳ ಬೆರಳಿಗೆ ಆ ಗೀರು ಗೊತ್ತು. ಬಂದವಳು ಟೋಪಿಯ ಕೆಳಗೆ ಬೆರಳಿಟ್ಟರೆ, ಕತ್ತು ನಯವಾಗಿದೆ ಎಂಬುದರಿಂದಲೇ ಸೊಸೆ ಸಿಕ್ಕಿಬೀಳುತ್ತಾಳೆ.

ಸೊಸೆಗೆ ಹೇಳಿಬಿಡೋಣವೆನಿಸಿತು. ಹೇಳಿದರೆ ನಾಳೆ ಇನ್ನೊಂದು ಲೋಟ ಒಡೆದ ದಿನ ಆ ಮಾತು ಅತ್ತೆಯ ಮುಖಕ್ಕೇ ಬಂದು ಬೀಳುತ್ತದೆ. ಬೈರಮ್ಮ ಅಡುಗೆಮನೆಗೆ ಹೋಗಿ ಕಾಫಿ ಡಿಕಾಕ್ಷನ್ ತಂದಳು. ಹಳದಿ ಬಣ್ಣ ಬರಲೆಂದು ಒಂದು ತೊಟ್ಟನ್ನು ಅಂಟಿಗೆ ಕಲಸಿ, ನೆನಪಿದ್ದ ಹಾಗೇ ಡೊಂಕು ಗೀರು ಎಳೆದಳು, ಉಬ್ಬನ್ನೂ ಇಟ್ಟಳು. ಬೇಕೆಂದೇ ಕೆಲಸ ಕೆಡಿಸಿದ್ದು ಅದೇ ಮೊದಲು. ಒಣಗಿದ ಮೇಲೆ ಆ ಕಡೆ ತಿರುಗಿ ನೋಡಲು ಮನಸ್ಸಾಗಲಿಲ್ಲ.

ಗೊಂಬೆ ಒಯ್ಯಲು ಬಂದ ಪದ್ಮಶ್ರೀ ಅದನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ, ಟೋಪಿಯ ಅಡಿಗೂ ಇಣುಕಿದಳು.

"ಕೈ ಸಖತ್ತಾಗಿ ಬಂದಿದೆ ಆಂಟಿ, ಗೊತ್ತೇ ಆಗಲ್ಲ. ಆದ್ರೆ ಕತ್ತಲ್ಲಿ ಇದೇನು ಹಳದಿ ಗೀರು? ಇಲ್ಲಿ ಒಡೆದೇ ಇರ್ಲಿಲ್ವಲ್ಲ."

"ನನ್ ಕೈಲಿ ಬಿಟ್ಕಂತು ಕಣವ್ವಾ. ಅಂಟಿಸ್ದೆ. ಅಷ್ಟೇ ಆಗಿದ್ದು."

"ಅತ್ತೆ ಸಾಯಂಕಾಲ ಬಂದ್ಬಿಡ್ತಾರೆ. ಕೈ ಮಾಡಿದೋರಿಗೆ ಕತ್ತು ಮಾಡಕ್ಕಾಗ್ಲಿಲ್ವಾ?"

ಬೈರಮ್ಮ ಗೊಂಬೆಯನ್ನು ಟವೆಲಿನಲ್ಲಿ ಸುತ್ತಿಕೊಟ್ಟಳು. ಗೀರು ಕೆರೆಯಲು ಮಾತ್ರ ಹೋಗಬೇಡ, ಇದ್ದ ಹಾಗೇ ಇಟ್ಟುಬಿಡು ಎಂದು ಹೇಳಿ ಕಳಿಸಿದಳು. ಜಗುಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ರಾಮಯ್ಯ, ಕಣ್ಣು ಮಂಜಾಯಿತೇನಮ್ಮಿ ಎಂದು ಛೇಡಿಸಿದ. ಅವಳು ಒಂದು ವಾರ ಹಲಗೆಯ ಹತ್ತಿರವೂ ಸುಳಿಯಲಿಲ್ಲ.

ಆಮೇಲೊಂದು ದಿನ ಪದ್ಮಶ್ರೀ ಮೂತಿ ಮುಕ್ಕಾದ ಪಿಂಗಾಣಿ ಮೊಲ ಹಿಡಿದು ನಗುನಗುತ್ತ ಬಂದಳು. ಅತ್ತೆ ಬಂದವರೇ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಸೀದಾ ಶೋಕೇಸಿಗೆ ಹೋದರಂತೆ.

"ಆ ಗೀರಿನ ಮೇಲೇ ಬೆರಳಾಡಿಸಿದ್ರು ಆಂಟಿ. ನನ್ ಜೀವ ಬಾಯಿಗೆ ಬಂದಿತ್ತು. ಆಮೇಲೆ ಸುಮ್ನೆ ಅಲ್ಲೇ ಇಟ್ಬಿಟ್ರು. ವಯಸ್ಸಾಯ್ತು, ಗೊತ್ತೇ ಆಗ್ಲಿಲ್ಲ ಅವ್ರಿಗೆ."

"ಕೈ ನೋಡಿದ್ರಾ?"

"ಆ ಕಡೆ ತಿರುಗೂ ನೋಡ್ಲಿಲ್ಲ."

ಬೈರಮ್ಮ ಮೊಲವನ್ನು ಇಸಿದುಕೊಂಡು ಮೂತಿ ಸವರಿ ನೋಡಿದಳು. ಪದ್ಮಶ್ರೀ ಚಪ್ಪಲಿ ಮೆಟ್ಟುತ್ತ, ಬೇಜಾರು ಮಾಡಿಕೊಳ್ಳಬೇಡಿ, ಮುಂದೆ ಯಾರದಾದರೂ ಕತ್ತಿನ ಕೆಲಸ ಬಂದರೆ ಸ್ವಲ್ಪ ನಿಧಾನವಾಗಿ ಮಾಡಿ ಎಂದು ಬುದ್ಧಿ ಹೇಳಿದಳು.

"ಆಗ್ಲಿ ಕಣವ್ವಾ" ಎಂದು ಬೈರಮ್ಮ ರಾಗಿ ಬೋಗುಣಿಯನ್ನು ಹತ್ತಿರಕ್ಕೆಳೆದುಕೊಂಡಳು.