ವರ್ಕ್‌ಶಾಪಿನಲ್ಲಿ ಖಾಲಿಯಾದ ಒಂದು ಜಾಗ

ಗದಗ ಬಿಟ್ಟಾಗ ಬೆಳಗಿನ ತಂಪಿತ್ತು. ಕೊಪ್ಪಳ ದಾಟುವ ಹೊತ್ತಿಗೆ ಕಿಟಕಿಯ ಸರಳುಗಳು ಮುಟ್ಟಲಾಗದಷ್ಟು ಕಾದಿದ್ದವು. ಮುನಿರಾಬಾದಿನ ಆಚೆ ರೈಲು ತುಂಗಭದ್ರೆಯ ಸೇತುವೆ ಹತ್ತಿದಾಗ ಡಬ್ಬಿಯಲ್ಲಿದ್ದವರೆಲ್ಲ ಒಂದೇ ಬದಿಗೆ ವಾಲಿದರು. ಈ ವರ್ಷ ಅಣೆಕಟ್ಟು ತುಂಬಿತ್ತು. ದಸರಾ ರಜೆ ಮುಗಿದು ಕಾಲೇಜುಗಳು ಬಾಗಿಲು ತೆರೆದು ವಾರವಾಗಿತ್ತು.

ನಾನು ಗದಗಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ನಮ್ಮ ಊರಿನ ಕೆಲವರು ಸೇರಿ ಹೊಸ ಬಗೆಯ ಕಾಲೇಜೊಂದನ್ನು ತೆರೆಯುವ ಮಾತಾಡುತ್ತಿದ್ದರು. ಬೆಳಿಗ್ಗೆ ಪಿಯುಸಿ ಪಾಠ. ಮಧ್ಯಾಹ್ನ ಅದೇ ಮಕ್ಕಳು ಹತ್ತಿರದ ಪಾಲಿಟೆಕ್ನಿಕ್‌ಗೆ ಹೋಗಿ ಡಿಪ್ಲೊಮಾದ ಕೆಲವು ವಿಷಯ ಕಲಿಯಬೇಕು. ಪಿಯುಸಿ ಮುಗಿಯುವಾಗ ಕೈಯಲ್ಲಿ ಒಂದು ಕಸುಬೂ ಇರಬೇಕು. ಹೊಸಪೇಟೆಯ ಹೊರಗೆ ಅಂಥದೊಂದು ಸಣ್ಣ ಕಾಲೇಜು ನಡೆಯುತ್ತಿತ್ತು. ಅದರ ಪ್ರಾಂಶುಪಾಲೆ ವಸುಂಧರಾ ಅವರು ತರಬೇತಿ ಶಿಬಿರವೊಂದರಲ್ಲಿ ನನಗೆ ಪರಿಚಯವಾಗಿದ್ದರು. ಫೋನು ಮಾಡಿದಾಗ, "ಬರ್ರಿ, ನಾಕ್ ದಿನ ಇರಂಗ ಬರ್ರಿ. ಬರೇ ಬಿಲ್ಡಿಂಗ್ ನೋಡಿ ಹೋದ್ರ ಏನೂ ತಿಳಿಯಂಗಿಲ್ಲ" ಎಂದಿದ್ದರು.

ಹೊಸಪೇಟೆಯಲ್ಲಿ ಇಳಿದು, ನಿಲ್ದಾಣದ ಹೊರಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಹಂಪಿಯ ಬಸ್ಸು ಹತ್ತಿದೆ. ಕಡ್ಡಿರಾಂಪುರ ಇನ್ನೂ ಸ್ವಲ್ಪ ದೂರವಿರುವಾಗಲೇ, ಬಾಳೆತೋಟಗಳ ನಡುವೆ, ಕಾಲೇಜು ಸಿಕ್ಕಿತು. ಮೂರು ಕೋಣೆ, ತಗಡಿನ ಚಾವಣಿಯ ಒಂದು ಪಡಸಾಲೆ. ಪ್ರಯೋಗಾಲಯವೆಂದರೆ ಒಂದು ಉದ್ದನೆಯ ಮೇಜು. ಗ್ರಂಥಾಲಯವೆಂದರೆ ಒಂದು ಕಬ್ಬಿಣದ ಬೀರು. ಭೌತಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರಿಲ್ಲ. ತೋರಣಗಲ್ಲಿನಿಂದ ಒಬ್ಬರು ವಾರದಲ್ಲಿ ಕೆಲವು ದಿನ ಬಂದು ಹೋಗುತ್ತಾರೆ. ಇದ್ದ ಒಂದೇ ಐಶ್ವರ್ಯವೆಂದರೆ ಮಧ್ಯಾಹ್ನ ಮಕ್ಕಳನ್ನು ಹೊಸಪೇಟೆಗೆ ಒಯ್ಯುವ ಹಳೆಯ ವ್ಯಾನು.

ಮರುದಿನ ಹಾಜರಿ ಕೂಗುವಾಗ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸಂಡೂರು ಕಡೆಯ ತಾಂಡಾಗಳ ಲಂಬಾಣಿ ಮಕ್ಕಳು, ಕಂಪ್ಲಿಯ ಅಕ್ಕಿ ಗಿರಣಿಗಳ ಹಮಾಲರ ಮಕ್ಕಳು, ಕುರೆಕುಪ್ಪದಿಂದ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸಗಾರರ ಮಕ್ಕಳು, ಹಂಪಿಯಲ್ಲಿ ಆಟೊ ಓಡಿಸುವವರ ಮಕ್ಕಳು. ಮನೆಯಲ್ಲಿ ಒಬ್ಬರದು ತೆಲುಗು, ಒಬ್ಬರದು ಉರ್ದು, ಇನ್ನೊಬ್ಬರದು ಲಂಬಾಣಿ ಮಾತು. ಹುಡುಗಿಯರೇ ಹೆಚ್ಚು. ಕಾರಣ ಕೇಳಿದೆ.

"ಗಂಡ್ ಹುಡುಗ್ರು ಹತ್ತನೇತ್ತಿ ಆದ ಕೂಡ್ಲೇ ಮೈನ್ಸಿಗೋ ಪ್ಲಾಂಟಿಗೋ ಹೋಗಿಬಿಡ್ತಾರ್ರಿ," ಎಂದರು ವಸುಂಧರಾ. "ಹುಡುಗ್ಯಾರ್ನ ಮದುವಿ ಆಗೋತನಾ ಕಳಸ್ತಾರ. ಅಷ್ಟರೊಳಗ ನಾವು ಕಲಿಸಬೇಕು."

ಊಟದ ಹೊತ್ತಿಗೆ ಅವರ ಚಿಂತೆಯೂ ತಿಳಿಯಿತು. ಬೆಳಗಿನ ಪಾಠಕ್ಕೆ ಎಲ್ಲ ಮಕ್ಕಳೂ ಕೂರುತ್ತಾರೆ. ಆದರೆ ಪಾಲಿಟೆಕ್ನಿಕ್‌ನ ಎಲೆಕ್ಟ್ರಿಕಲ್ ವರ್ಕ್‌ಶಾಪಿನಲ್ಲಿ ಈ ಕಾಲೇಜಿಗೆ ಕೊಟ್ಟಿರುವ ಜಾಗ ಕೆಲವೇ. ಆ ಜಾಗ ಸಿಗದವರು ಮಧ್ಯಾಹ್ನ ಮನೆಗೆ ಹೋಗಬೇಕು. ಸಂಡೂರು ಕಡೆಯ ಸುನೀತಾ ಎಂಬ ಹುಡುಗಿ ದಸರೆಯ ನಂತರ ಬಂದಿರಲೇ ಇಲ್ಲ. ಅವಳ ಜಾಗಕ್ಕಾಗಿ ಕಂಪ್ಲಿಯ ಶಾಹೀನ ಕಾಯುತ್ತಿದ್ದಳು. ಸೋಮವಾರ ಯಾರಾದರೂ ಒಬ್ಬರ ಹೆಸರು ಹೇಳಲೇಬೇಕಿತ್ತು. ಇಲ್ಲದಿದ್ದರೆ ಪಾಲಿಟೆಕ್ನಿಕ್‌ನವರು ಆ ಜಾಗವನ್ನೇ ವಾಪಸು ತೆಗೆದುಕೊಳ್ಳುತ್ತಿದ್ದರು.

"ಮನಿಗೆ ಹೋಗಿ ನೋಡದ ನಾ ಯಾರ ಹೆಸರೂ ಹೊಡಿಯಂಗಿಲ್ಲ," ಎಂದರು ವಸುಂಧರಾ. "ನೀವೂ ಬರ್ತೀರೇನು?"

ಶನಿವಾರ ಸಂಡೂರಿನ ಬಸ್ಸು ಹತ್ತಿದೆವು. ಆಧಾರ್ ತೋರಿಸಿದ ಇಬ್ಬರಿಗೂ ನಿರ್ವಾಹಕ ಶೂನ್ಯ ದರದ ಚೀಟಿ ಹರಿದುಕೊಟ್ಟ. ಮೂವತ್ತು ಕಿಲೋಮೀಟರಿನಷ್ಟು ದಾರಿ. ಮಳೆ ಕಂಡ ಗುಡ್ಡಗಳು ಹಸಿರಾಗಿದ್ದವು. ಅಗೆದ ಕಡೆ ಮಾತ್ರ ಹಸಿ ಗಾಯದ ಹಾಗೆ ಕೆಂಪು. ಅದಿರಿನ ಲಾರಿಗಳು ಎದುರಾದಾಗಲೆಲ್ಲ ಹೆಂಗಸರು ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ಸಂಡೂರಿನಲ್ಲಿ ಇಳಿದು ಆಟೊ ಹಿಡಿದು ತಾಂಡಾ ಸೇರಿದೆವು.

ಸುನೀತಾಳ ತಾಯಿ ಸೀತಾಬಾಯಿ ಮಂಚದ ಮೇಲೆ ಮಲಗಿದ್ದರು. ಮೆಣಸಿನಕಾಯಿ ಹೊಲದಿಂದ ಕೂಲಿಯವರನ್ನು ತರುತ್ತಿದ್ದ ಟೆಂಪೊದಿಂದ ಬಿದ್ದು ಸೊಂಟದ ಎಲುಬು ಮುರಿದಿತ್ತು. ಆಪರೇಷನ್ ಆಗಿತ್ತು, ಏಳುವಂತಿರಲಿಲ್ಲ. ಗಂಡ ಅದಿರು ಲಾರಿಯ ಡ್ರೈವರು, ವಾರಕ್ಕೊಮ್ಮೆ ಮನೆ ಕಾಣುವವನು. ಮನೆಯಲ್ಲಿ ಇನ್ನಿಬ್ಬರು ಚಿಕ್ಕ ಮಕ್ಕಳಿದ್ದರು.

ನಮ್ಮನ್ನು ಕಂಡು ಸೀತಾಬಾಯಿಯ ಮುಖ ಅರಳಿತು. "ಬರ್ರಿ ಮೇಡಂ, ಕುಂದ್ರಿ. ಈ ಸಲ ದಸರಾ ಸೂಟಿ ಭಾಳ ದಿನ ಕೊಟ್ರಿ ನೋಡ್ರಿ! ಯಾವಾಗ ಶುರು ಮಾಡ್ತೀರಿ?"

ತಂಬಿಗೆಯಲ್ಲಿ ನೀರು ತರುತ್ತಿದ್ದ ಸುನೀತಾ ಬಾಗಿಲಲ್ಲೇ ನಿಂತುಬಿಟ್ಟಳು. ವಸುಂಧರಾ ಅವಳನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಸೂಟಿ ಮುಗದೈತ್ರಿ ಅವ್ವಾ. ಆಕಿ ಬರಲಿಲ್ಲ, ಅದಕ್ಕ ನಾವ ಬಂದ್ವಿ."

ಸೀತಾಬಾಯಿ ಬಾಗಿಲ ಕಡೆ ತಲೆ ಹೊರಳಿಸಿದರು. "ದಿನಾ ಬೆಳಿಗ್ಗಿ ನನ್ನ ಮುಖ ನೋಡಿ ಸುಳ್ಳ್ ಹೇಳಿದ್ಯಾ?" ಎಂದರು ಮಗಳಿಗೆ.

"ಮತ್ತೇನ್ ಮಾಡ್ಲಿ?" ಸುನೀತಾ ಬಾಗಿಲಿನಿಂದಲೇ ಕೇಳಿದಳು. "ಖರೇ ಹೇಳಿದ್ರ ನೀನ ಎದ್ದು ಒಲಿ ಮುಂದ ಕುಂದ್ರತಿದ್ದಿ. ನಿನ್ನ ಯಾರು ಎಬ್ಬಸ್ತಾರ? ಇವಕ್ಕ ಯಾರು ರೊಟ್ಟಿ ಬಡದು ಹಾಕ್ತಾರ?"

"ನನ್ನ ಎಬ್ಬಸಾಕ ನಿನ್ನ ಹಡದಿಲ್ಲ ನಾನು!" ಎಂದು ಕೂಗಿ ಸೀತಾಬಾಯಿ ಗೋಡೆಯ ಕಡೆ ಮುಖ ತಿರುಗಿಸಿದರು. ಸುನೀತಾ ತಂಬಿಗೆಯನ್ನು ಕೆಳಗಿಟ್ಟು ತಾಯಿಯ ಕಾಲ ಬಳಿ ಕೂತಳು. ಮುಟ್ಟಲು ಧೈರ್ಯವಾಗದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

ಹತ್ತಿರದ ನೆಂಟರು ಯಾರಾದರೂ ಇದ್ದಾರೆಯೇ ಎಂದು ವಸುಂಧರಾ ವಿಚಾರಿಸಿದರು. ಗೋಡೆಯ ಕಡೆಯಿಂದಲೇ ಉತ್ತರ ಬಂತು. "ಕುರೆಕುಪ್ಪದಾಗ ತಂಗಿ ಅದಾಳ. ಮಾತು ಬಿಟ್ಟು ಭಾಳ ವರ್ಷ ಆತು. ಆಕಿನ್ನ ಕೇಳಂಗಿಲ್ಲ."

ಸುನೀತಾ ನಮ್ಮನ್ನು ಬೀದಿಯವರೆಗೆ ಬಿಡಲು ಬಂದಳು. "ಸೋಮವಾರ ಬೆಳಿಗ್ಗಿತನಾ ನಿನ್ನ ಜಾಗ ನಿಂದಾ," ಎಂದರು ವಸುಂಧರಾ. ಅವಳು ಬೇಡವೆಂದು ತಲೆಯಾಡಿಸಿದಳು. "ಖಾಲಿ ಇಡಬ್ಯಾಡ್ರಿ ಮೇಡಂ. ಬ್ಯಾರೇರಿಗೆ ಕೊಡ್ರಿ." ಹಾಗೆಂದವಳು ಆಟೊ ಹೊರಟ ಮೇಲೂ ಅಲ್ಲೇ ನಿಂತಿದ್ದಳು.

ಭಾನುವಾರ ಕಂಪ್ಲಿಗೆ ಹೋದೆವು. ಕಮಲಾಪುರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬಾಳೆ, ಕಬ್ಬು. ಊರು ಹತ್ತಿರವಾದಂತೆ ತೆನೆ ಕಟ್ಟುತ್ತಿದ್ದ ಭತ್ತ. ಕಾಲುವೆಗಳು ತುಂಬಿ ಹರಿಯುತ್ತಿದ್ದವು. ಹಿಂದಿನ ದಿನದ ಕೆಂಪು ಧೂಳು ಇನ್ನೂ ನನ್ನ ಚಪ್ಪಲಿಯಲ್ಲಿತ್ತು. ಅಷ್ಟು ಹತ್ತಿರದ ಎರಡು ಊರುಗಳು ಇಷ್ಟು ಬೇರೆಯಾಗಿರುವುದು ಸೋಜಿಗವೆನಿಸಿತು. ಬಸ್ ನಿಲ್ದಾಣದಿಂದ ಅಕ್ಕಿ ಗಿರಣಿಗಳ ಹಿಂದಿನ ಓಣಿಗೆ ನಡೆದೆವು. ಗಾಳಿಯಲ್ಲೆಲ್ಲ ತೌಡಿನ ವಾಸನೆ.

ಶಾಹೀನಳ ತಂದೆ ಮಹಬೂಬ ಸಾಬ್ ಗಿರಣಿಯಲ್ಲಿ ಚೀಲ ಹೊರುವ ಹಮಾಲರು. ಅಗಲವಾದ ಭುಜ, ಮೆಲ್ಲನೆಯ ಮಾತು. ನಾವು ಒಳ್ಳೆಯ ಸುದ್ದಿಯನ್ನೇ ತಂದಿದ್ದೇವೆಂದು ನಂಬಿ ಅವರು ಬಿಸ್ಕತ್ತು ತರಿಸಿದ್ದರು. "ಓಣ್ಯಾಗ ಮಂದಿ ಏನೇನೋ ಅಂದ್ರು ಮೇಡಂ. ಹೆಣ್ಣ್ ಹುಡುಗಿ ಕರೆಂಟಿನ ಕೆಲಸ ಕಲತು ಕಂಬ ಹತ್ತತಾಳೇನು ಅಂದ್ರು. ನಾ ಒಪ್ಪೀನ್ರಿ. ಕತ್ತಲಾಗೋದ್ರೊಳಗ ಮನಿಗೆ ಬರಬೇಕು, ಅಷ್ಟ."

ಶಾಹೀನ ಅಡುಗೆಮನೆಯ ಪರದೆಯ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ವಸುಂಧರಾ ಚಹಾ ಮುಟ್ಟದೆ ಸುನೀತಾಳ ವಿಷಯವನ್ನೆಲ್ಲ ಹೇಳಿದರು.

"ಆ ಹುಡುಗಿ ಬರಲಿಲ್ಲಂದ್ರ ನಮ್ಮಾಕಿಗೇನ್ರಿ?" ಎಂದು ಮಹಬೂಬ ಸಾಬ್ ಕೇಳಿದರು.

"ಹೌದ್ರಿ."

"ಬಂದ್ರ?"

"ಬಂದ್ರ ಅದು ಆಕಿದಾ."

ಅವರು ಬಿಸ್ಕತ್ತಿನ ತಟ್ಟೆಯನ್ನು ನಮ್ಮ ಕಡೆ ಸರಿಸಿದರು. "ಹಂಗಾರ ನಾ ಏನಂತ ದುವಾ ಕೇಳ್ಲಿ ಮೇಡಂ? ಆ ತಾಯಿ ಹಾಸಿಗ್ಯಾಗ ಬಿದ್ದಾಳ. ಆಕಿ ಮಗಳು ಬರಬಾರ್ದು ಅಂತ ಕೇಳಾಕ ನನಗ ಬಾಯಿ ಬರಂಗಿಲ್ಲ."

ಹೊರಡುವಾಗ ಶಾಹೀನ ತಾನು ನೆರಳಿಗೆ ಸರಿಸಿಟ್ಟಿದ್ದ ನಮ್ಮ ಚಪ್ಪಲಿಗಳನ್ನು ತಂದು ಮುಂದಿಟ್ಟಳು.

ಇನ್ನೊಂದೇ ದಾರಿ ಉಳಿದಿತ್ತು. ವರ್ಕ್‌ಶಾಪಿನ ಮುಖ್ಯಸ್ಥರಾದ ಶ್ರೀನಿವಾಸಾಚಾರ್ಯರ ಮನೆ ಹಂಪಿಯಲ್ಲಿತ್ತು; ಪೂಜಾರಿಕೆಯ ಮನೆತನ. ಕಂಪ್ಲಿಯಿಂದ ನೇರವಾಗಿ ಅಲ್ಲಿಗೇ ಹೋದೆವು. ಭಾನುವಾರದ ಜನಜಂಗುಳಿಯಲ್ಲಿ ವಿರೂಪಾಕ್ಷನ ಗೋಪುರವನ್ನು ತಲೆಯೆತ್ತಿ ನೋಡುವ ಮನಸ್ಸೂ ನಮಗಿರಲಿಲ್ಲ. ಆಚಾರ್ಯರು ಮಜ್ಜಿಗೆ ಕೊಟ್ಟು ಎಲ್ಲ ಕೇಳಿದರು. ಇನ್ನೊಬ್ಬಳಿಗೆ ಹೇಗಾದರೂ ಜಾಗ ಮಾಡಿಕೊಡಿ ಎಂದು ವಸುಂಧರಾ ಕೈಮುಗಿದೇ ಕೇಳಿದರು.

"ಕೈ ಮುಗೀಬ್ಯಾಡ್ರಿ ಮೇಡಂ," ಎಂದು ಅವರು ಎದ್ದುನಿಂತರು. "ಪಾಠ ಅಂದ್ರ ಗ್ವಾಡಿಗೆ ಆನಿಕೊಂಡು ನಿಂತಾದ್ರೂ ಕೇಳಬಹುದು. ವರ್ಕ್‌ಶಾಪಿನಾಗ ಕರೆಂಟು ಹರೀತೈತಿ. ಒಂದು ಬೆಂಚಿಗೆ ಇಬ್ಬರು, ಅದಕ್ಕಿಂತ ಹೆಚ್ಚು ನಿಲ್ಲಿಸಿ ಯಾರದಾರ ಮಗಳಿಗೆ ಏನಾರ ಆದ್ರ ನಾ ಏನ್ ಹೇಳ್ಲಿ?" ಮುಂದಿನ ವರ್ಷಕ್ಕೆ ಇನ್ನಷ್ಟು ಬೆಂಚುಗಳನ್ನು ಕೇಳಿದ್ದೇನೆ, ಸಿಗುತ್ತವೆಂಬ ಭರವಸೆಯಿಲ್ಲ ಎಂದೂ ಹೇಳಿದರು. ಅವರ ಮೇಲೆ ಸಿಟ್ಟು ಮಾಡಲು ನನಗೆ ಕಾರಣ ಸಿಗಲಿಲ್ಲ. ವಾಪಸು ಬರುವಾಗ ಮಳೆ ಹನಿಯಿತು. ವಸುಂಧರಾ ಬಸ್ಸಿನ ಗಾಜಿಗೆ ತಲೆಯಾನಿಸಿ, "ನಾಳಿ ಇಬ್ಬರಾಗ ಒಬ್ಬಾಕಿ ನನ್ನ ಮುಖ ನೋಡಿ ಅಳ್ತಾಳ," ಎಂದಷ್ಟೇ ಹೇಳಿದರು.

ಸೋಮವಾರ ಗಂಟೆ ಹೊಡೆಯುವ ಮೊದಲೇ ಸುನೀತಾ ಗೇಟಿನಲ್ಲಿದ್ದಳು. ಓಡಿ ಬಂದಿದ್ದರಿಂದ ಏದುಸಿರು ಬಿಡುತ್ತಿದ್ದಳು. "ಅವ್ವ ತಾನಾ ಚಿಗವ್ವಗ ಫೋನ್ ಮಾಡಿದ್ಲ್ರಿ. ಚಿಗವ್ವ ಏನೂ ಅನ್ನಲಿಲ್ಲ. ನಿನ್ನಿ ಗಾಡಿ ತಂದು ಎಲ್ಲಾರ್ನೂ ಕುರೆಕುಪ್ಪಕ್ಕ ಕರ್ಕೊಂಡು ಹೋದ್ಲು. ಇಬ್ಬರೂ ಭಾಳ ಅತ್ರು ಮೇಡಂ. ಇನ್ನ ನಾ ಅಲ್ಲಿಂದ ಬರ್ತೀನಿ."

ವಸುಂಧರಾ ಅವಳ ಬೆನ್ನು ತಟ್ಟಿ ತರಗತಿಗೆ ಕಳಿಸಿದರು. ಆಮೇಲೆ ಶಾಹೀನಳನ್ನು ಕರೆಸಿದರು. ನಾನು ಎದ್ದು ಹೋಗಲು ನೋಡಿದೆ; ಅವರು ಕೂತಿರಿ ಎಂದು ಸನ್ನೆ ಮಾಡಿದರು. ಹೇಳಬೇಕಾದ ಮಾತನ್ನು ಅವರು ಸುತ್ತಿ ಬಳಸದೆ ಹೇಳಿದರು. ಶಾಹೀನ ಓಢನಿಯ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದಳು. "ಅವ್ರವ್ವ ಹೆಂಗದಾರ್ರಿ ಈಗ?" ಎಂದಳು. ಪರವಾಗಿಲ್ಲ ಎಂದಾಗ, "ಅಬ್ಬಾಗ ನೀವಾ ಹೇಳ್ರಿ ಮೇಡಂ. ನಾ ಹೇಳಾಕ ಹೋದ್ರ ಅತ್ತುಬಿಡ್ತೀನಿ" ಎಂದು ಹೊರಟುಹೋದಳು.

ವಸುಂಧರಾರ ಭಯ ಬೇರೆಯಿತ್ತು. ಆಸೆ ಕಟ್ಟಿಕೊಂಡು ನಿರಾಶರಾದ ತಂದೆ ಮಗಳನ್ನು ಪೂರ್ತಿ ಬಿಡಿಸಿಬಿಟ್ಟರೆ? ಹಿಂದೆ ಹಾಗಾಗಿದೆ ಎಂದರು. ಫೋನು ಹಚ್ಚಿದರು; ಆ ಕಡೆ ಗಿರಣಿಯ ಸದ್ದು ಜೋರಾಗಿತ್ತು. ಮಹಬೂಬ ಸಾಬ್ ಎಲ್ಲವನ್ನೂ ಕೇಳಿ, "ಆತ್ರಿ," ಎಂದರು. ಆಮೇಲೆ, "ಬೆಳಿಗ್ಗಿ ಕ್ಲಾಸಿಗೆ ಕಳಸ್ತೀನ್ರಿ. ಬಿಡಸಂಗಿಲ್ಲ. ಮುಂದಿನ ವರ್ಷ ನಮ್ಮಾಕಿನ್ನ ಮರೀಬ್ಯಾಡ್ರಿ." ಫೋನಿಟ್ಟು ವಸುಂಧರಾ ಕಣ್ಣೊರೆಸಿಕೊಂಡರು.

ವ್ಯಾನು ಹೊರಟ ಮೇಲೂ ಶಾಹೀನ ಅಂದು ಮನೆಗೆ ಹೋಗಲಿಲ್ಲ. ಪಡಸಾಲೆಯಲ್ಲಿ ಒಬ್ಬಳೇ ಕೂತಿದ್ದಳು. ನಾನು ಮಧ್ಯಾಹ್ನದ ರೈಲು ಬಿಟ್ಟು ಅವಳ ಪಕ್ಕ ಕೂತು ಲೆಕ್ಕ ಮಾಡಿಸಿದೆ. ತಪ್ಪಿಲ್ಲದೆ ಮಾಡಿದಳು, ಮುಖವೆತ್ತದೆ. ಬಿಸಿಲು ಇಳಿದ ಮೇಲೆ ಇಬ್ಬರೂ ಹೊಸಪೇಟೆಯ ಬಸ್ ನಿಲ್ದಾಣಕ್ಕೆ ಬಂದೆವು. ಅವಳಿಗೆ ಕಂಪ್ಲಿಯ ಬಸ್ಸು ಹಿಡಿಸಿ ನಾನು ರೈಲಿಗೆ ಹೋಗುವುದೆಂದು.

ವರ್ಕ್‌ಶಾಪು ಮುಗಿಸಿದ ಸುನೀತಾ ಕುರೆಕುಪ್ಪದ ಬಸ್ಸಿಗಾಗಿ ಅಲ್ಲೇ ನಿಂತಿದ್ದಳು. ಶಾಹೀನಳನ್ನು ಕಂಡು ಅವಳು ಮೊದಲು ಹಿಂಜರಿದಳು. ತನ್ನ ಜಾಗಕ್ಕೆ ಕಾಯುತ್ತಿದ್ದವಳು ಇವಳೇ ಎಂದು ಯಾರೋ ಹೇಳಿರಬೇಕು. ಕೊನೆಗೆ ಬಂದು ನಮ್ಮ ಕಲ್ಲುಬೆಂಚಿನ ತುದಿಯಲ್ಲಿ ಕೂತಳು. ಶಾಹೀನ ಆ ಕಡೆ ತಿರುಗಲಿಲ್ಲ.

"ಇವತ್ತು ಫ್ಯಾನಿನ ಮೋಟಾರ್ ಬಿಚ್ಚಿದ್ವಿ," ಎಂದಳು ಸುನೀತಾ, ಯಾರಿಗೆಂದಿಲ್ಲದೆ.

ಶಾಹೀನ ಈಗ ಅವಳ ಕಡೆ ತಿರುಗಿ ಕೇಳಿದಳು. "ಒಳಗ ಏನಿತ್ತು?"

ಸುನೀತಾ ಅವಳ ಪಕ್ಕಕ್ಕೆ ಸರಿದು ಹೇಳತೊಡಗಿದಳು. ತಾಮ್ರದ ತಂತಿಯ ಸುರುಳಿ ಎಲ್ಲಿರುತ್ತದೆ, ಯಾವ ತುದಿ ಯಾವುದಕ್ಕೆ ಸೇರಬೇಕು, ಸುಟ್ಟ ತಂತಿಯನ್ನು ವಾಸನೆಯಿಂದ ಗುರುತಿಸುವುದು ಹೇಗೆ. ಶಾಹೀನ ಮಧ್ಯೆ ಮಧ್ಯೆ ತಡೆದು ಪ್ರಶ್ನೆ ಕೇಳಿದಳು. ಒಂದೆರಡಕ್ಕೆ ಸುನೀತಾಳಿಗೂ ಉತ್ತರ ಗೊತ್ತಿರಲಿಲ್ಲ. "ನಾಳಿ ಸರ್‌ನ ಕೇಳಿ ಹೇಳ್ತೀನಿ," ಎಂದಳು.

ಅಷ್ಟರಲ್ಲಿ ಕಂಪ್ಲಿಯ ಬಸ್ಸು ಬಂತು. ಕತ್ತಲಾಗುವುದರೊಳಗೆ ಮನೆ ಸೇರಬೇಕಾದವಳು ಅದನ್ನು ಬಿಡುವಂತಿರಲಿಲ್ಲ. ಶಾಹೀನ ಓಡಿ ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದಳು. ಸುನೀತಾಳ ಮಾತು ಇನ್ನೂ ಮುಗಿದಿರಲಿಲ್ಲ. ಕಿಟಕಿಯ ಕೆಳಗೆ ನಿಂತು, ಎಡಗೈ ಬೆರಳುಗಳ ಸುತ್ತ ಬಲಗೈ ತಿರುಗಿಸುತ್ತ, ತಂತಿ ಸುತ್ತುವ ಬಗೆಯನ್ನು ತೋರಿಸುತ್ತಿದ್ದಳು. ಬಸ್ಸು ಹೊರಟಿತು. ಅವಳೂ ಕೈ ತಿರುಗಿಸುತ್ತಲೇ ಅದರ ಜೊತೆ ನಾಲ್ಕು ಹೆಜ್ಜೆ ನಡೆದಳು. ಬಸ್ಸು ನಿಲ್ದಾಣದ ಹೊರಗೆ ತಿರುಗುವವರೆಗೂ ಶಾಹೀನಳ ಮುಖ ಕಿಟಕಿಯಲ್ಲಿ ಹಿಂದಕ್ಕೇ ತಿರುಗಿತ್ತು, ಅವಳ ದೃಷ್ಟಿ ಆ ಕೈಗಳ ಮೇಲಿತ್ತು.