ನಾಲ್ಕನೆಯವನ ಉಸಿರು

ರೇಷ್ಮೆಗೆ ಭರ್ಜರಿ ಬೆಲೆಯಿದ್ದ ಕಾಲ. ಹುಳು ಸಾಕುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಸೋಲೂರಿನ ಹತ್ತಿರ ಕೆಂಪಣ್ಣ ಎಂಬ ರೈತರ ಜಗಲಿಯಲ್ಲಿ ಕೂತು, ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಮನುಷ್ಯನೇ ಕಾರಣ ಎಂದು ತರಬೇತಿಯಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದೆ.

ಕೆಂಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ ಸಾರ್ ನೀವು! ಇಷ್ಟು ದೊಡ್ಡ ಭೂಮೀನ ನರಮನುಷ್ಯ ಬಿಸಿ ಮಾಡಕಾಯ್ತದಾ? ಎಲ್ಲಾ ಆ ಸೂರ್ಯಂದು. ನಮ್ದೇನೈತೆ ಇದ್ರಾಗೆ?"

ವಾದ ಬೇಡವೆಂದು ಹುಳುಮನೆ ನೋಡಲು ಎದ್ದೆ. ಬಾಗಿಲಲ್ಲಿ ಕಾಲು ತೊಳೆಸಿದರು. ಕಿಟಕಿಗಳಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದರು. ಒಳಗೆ ಅವರ ಹೆಂಡತಿ, ಇಬ್ಬರು ಸೊಸೆಯರು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ನಾನು ಹೊಸ್ತಿಲು ದಾಟುವಷ್ಟರಲ್ಲಿ ಕೆಂಪಣ್ಣ ನನ್ನ ತೋಳು ಹಿಡಿದು ಎಳೆದರು.

"ಒಸಿ ತಡೀರಿ ಸಾರ್! ಒಳಗೆ ಆಗ್ಲೇ ಮೂರು ಜನ ಅವ್ರೆ. ನೀವೂ ಹೋದ್ರೆ ನಿಮ್ ಉಸಿರಿಗೇ ಮನೆ ಕಾದೋಯ್ತದೆ. ಹುಳ ತಡ್ಯಾಕಿಲ್ಲ."

ಒಬ್ಬ ಸೊಸೆ ಹೊರಗೆ ಬಂದ ಮೇಲೆಯೇ ನನಗೆ ಪ್ರವೇಶ ಸಿಕ್ಕಿದ್ದು.

ವಾಪಸ್ಸು ಬರುವಾಗ ಬಸ್ಸಿನಲ್ಲಿ, ಹುಟ್ಟಿದರೆ ಕೆಂಪಣ್ಣನವರ ಮನೆಯ ಹುಳುವಾಗಿ ಹುಟ್ಟಬೇಕು ಅನ್ನಿಸಿತು. ರಾಮನಗರ ಬಂದಾಗ ನೆನಪಾಯಿತು: ಇಷ್ಟು ಜೋಪಾನ ಮಾಡಿದ ಹುಳುವನ್ನು ಕೊನೆಗೆ ಇಲ್ಲಿ ನೂಲು ತೆಗೆಯಲು ಗೂಡಿನ ಸಮೇತ ಕುದಿಯುವ ನೀರಿಗೇ ಹಾಕುತ್ತಾರೆ.