ಮೋಡದೊಳಗಿನ ಮಡಕಶಿರ ಬಸ್ಸು

ಮೊನ್ನೆ ಮಧ್ಯಾಹ್ನ ಹೇಳದೆ ಕೇಳದೆ ಮಳೆ ಬಂತು. ರಾಯದುರ್ಗದಲ್ಲಿ ಮಳೆ ಬರುವುದೇ ಅಪರೂಪ. ಬಂದರೆ ಜನ ಕೆಲಸ ಬಿಟ್ಟು ಹೊರಗೆ ನಿಂತು ನೋಡುತ್ತಾರೆ. ಹೊಲಿದ ಜೀನ್ಸ್ ಪ್ಯಾಂಟುಗಳ ಕಟ್ಟುಗಳನ್ನು ಲಾರಿಗೆ ಹಾಕಲೆಂದು ನಮ್ಮ ಶೆಡ್ಡಿನ ಜಗಲಿಯ ಮೇಲೆ ಒಟ್ಟಿದ್ದೆವು. ಟಾರ್ಪಾಲು ಹುಡುಕುವಷ್ಟರಲ್ಲಿ ಮೇಲಿನ ಕಟ್ಟುಗಳು ನೆನೆದೇ ಹೋದವು. ಎಲ್ಲವನ್ನೂ ಒಳಗೆಳೆದು ಬಾಗಿಲು ಮುಚ್ಚಿದಾಗ ಆ ವಾಸನೆ ಎದ್ದಿತು. ಒದ್ದೆ ಜೀನ್ಸ್ ಬಟ್ಟೆಯ ವಾಸನೆ... ಗಂಜಿ, ನೀಲಿ ಬಣ್ಣ, ಸ್ವಲ್ಪ ಮೆಷಿನ್ ಎಣ್ಣೆ. ಹೊಲಿಯುವ ಹೆಂಗಸರು ನನ್ನನ್ನು ಏನೋ ಕೇಳುತ್ತಿದ್ದರು. ಒಂದೂ ಕಿವಿಗೆ ಬೀಳಲಿಲ್ಲ.

ಈ ಶೆಡ್ಡು ನಡೆಸುವ ಮನುಷ್ಯ ಒಂದು ಕಾಲಕ್ಕೆ ಸಾಮಾನು ಸಾಗಿಸುವ ಸಣ್ಣ ವಿಮಾನದ ಪೈಲಟ್ ಆಗಿದ್ದ ಎಂದರೆ ಊರಿನ ಹುಡುಗರು ನಗುತ್ತಾರೆ. ನಗಲಿ, ನನಗೂ ನಗು ಬರುತ್ತದೆ. ಜೀನ್ಸ್ ಹೊಲಿಗೆ ಚೆನ್ನಾಗಿ ನಡೆದ ವರ್ಷಗಳಲ್ಲಿ, ಮಳೆಯಿಲ್ಲದೆ ಊರಿನ ಅರ್ಧ ಜನ ಬೇರೆ ಕಡೆ ದುಡಿಯಲು ಹೋಗುತ್ತಿದ್ದಾಗ, ಈ ಶೆಡ್ಡಿನ ದುಡ್ಡಿನಲ್ಲಿ ಅಪ್ಪ ನನ್ನನ್ನು ವಿಮಾನ ಕಲಿಯಲು ಕಳಿಸಿದ್ದ. ದೊಡ್ಡ ವಿಮಾನಗಳ ಕಂಪನಿಗಳು ನನ್ನನ್ನು ಮೂಸಿಯೂ ನೋಡಲಿಲ್ಲ. ಕೊನೆಗೆ ಕೆಲಸ ಸಿಕ್ಕಿದ್ದು ಪೂರ್ವ ಸಮುದ್ರದಾಚೆ, ಸಮಭಾಜಕದ ಹತ್ತಿರದ ದ್ವೀಪಗಳಲ್ಲಿ. ಅಲ್ಲಿ ಬೆಟ್ಟಗಳ ನಡುವಿನ ಹಳ್ಳಿಗಳಿಗೆ ರಸ್ತೆಯಿಲ್ಲ. ಅಕ್ಕಿ, ಸೀಮೆಎಣ್ಣೆ, ಔಷಧಿ, ಕೋಳಿ, ಬಟ್ಟೆಯ ಮೂಟೆ ಎಲ್ಲವೂ ಒಂದೇ ಎಂಜಿನ್ನಿನ ವಿಮಾನದಲ್ಲಿ ಹೋಗಬೇಕು, ಇಳಿಜಾರಿನ ಹುಲ್ಲುಗಾವಲಿನಲ್ಲಿ ಇಳಿಯಬೇಕು. ನಮ್ಮೂರಲ್ಲಿ ಮೋಡ ಕಂಡರೆ ಕೈ ಮುಗಿಯುತ್ತಾರೆ. ನಾನು ಮೋಡ ಕಂಡರೆ ಎದೆ ನಡುಗುವ ಕೆಲಸಕ್ಕೆ ಸೇರಿಕೊಂಡೆ.

ಅಲ್ಲಿ ನನಗೆ ಸಿಕ್ಕವರು ನಮ್ಮ ವಿಮಾನದ ಕ್ಯಾಪ್ಟನ್. ಮೊದಲ ದಿನ ನನ್ನ ಇಂಗ್ಲಿಷನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಯಾವೂರಪ್ಪ ನಿಂದು?" ಎಂದು ಕನ್ನಡದಲ್ಲೇ ಕೇಳಿಬಿಟ್ಟರು. ರಾಯದುರ್ಗ ಅಂದೆ. ಅವರು ಮಡಕಶಿರದವರು. ಕನ್ನಡ ತೆಲುಗು ಎರಡೂ ಬೆರೆತ ಒಂದೇ ಗಡಿ ಜಿಲ್ಲೆಯ ಆ ತುದಿಯವರೊಬ್ಬರು, ಈ ತುದಿಯವರೊಬ್ಬರು, ಅಷ್ಟು ದೂರದ ಸಮುದ್ರದ ನಡುವೆ ಸಿಕ್ಕಿದ್ದೆವು. ಅವರು ಸೈನ್ಯದಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದು, ಆಮೇಲೆ ಹಾರಿಸುವುದನ್ನು ಕಲಿತವರು. ತಲೆ ನರೆತಿತ್ತು, ಮದುವೆಯಾಗಿರಲಿಲ್ಲ. ಅವತ್ತಿನಿಂದ ನಾನು ಅವರಿಗೆ 'ಅಣ್ಣಾ', ಅವರಿಗೆ ನಾನು ಬರೀ 'ರಾಯದುರ್ಗ'.

ನನ್ನ ಮಾತನ್ನು ಆಡಿಕೊಳ್ಳುವುದೆಂದರೆ ಅವರಿಗೆ ಬಲು ಖುಷಿ. "ಎಂಜಿನ್ನಿಗೂ ರೀ ಅಂತೀಯಲ್ಲೋ, ಅದೇನ್ ನಿಮ್ಮ ಮಾವನಾ?" ಎನ್ನುವರು. ತಾವು ಮಾತ್ರ ಎಂಜಿನ್ನನ್ನು ತೆಲುಗಿನಲ್ಲಿ ಬೈಯುತ್ತಿದ್ದರು. ಅದು ಸ್ವಲ್ಪ ಕೆಮ್ಮಿದರೂ ಸಾಕು, ಅದರ ಇಡೀ ವಂಶವನ್ನು ತೆಲುಗಿನಲ್ಲಿ ಜಾಲಾಡಿಬಿಡುತ್ತಿದ್ದರು. ಬೈಗುಳಕ್ಕೆ ತೆಲುಗು, ಭಯಕ್ಕೆ ಕನ್ನಡ ಎಂದು ನಾನೇ ಹೇಳಿ ನಗುತ್ತಿದ್ದೆ.

ಭಯಕ್ಕೆ ಕನ್ನಡ... ಅದನ್ನು ವಿವರಿಸಬೇಕು. ಆ ದ್ವೀಪಗಳಲ್ಲಿ ಬೆಳಗ್ಗೆ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಬೆಟ್ಟಗಳ ಮೇಲೆ ಮೋಡ ಎದ್ದು ನಿಲ್ಲುತ್ತದೆ. ಪಕ್ಕದಲ್ಲಿ ಹಾದು ಹೋಗೋಣವೆಂದರೆ ಕಣಿವೆಯೇ ಮುಚ್ಚಿಹೋಗಿರುತ್ತದೆ. ನನ್ನ ಮೊದಲ ಬಿರುಗಾಳಿಯ ದಿನ ವಿಮಾನದ ತುಂಬ ಜೀನ್ಸ್ ಪ್ಯಾಂಟುಗಳ ಮೂಟೆಗಳಿದ್ದವು. ಮೋಡದೊಳಗೆ ಬೆಳಕು ಹಸಿರಾಯಿತು. ತಗಡಿನ ಮೇಲೆ ಶೇಂಗಾ ಸುರಿದಂತೆ ಮಳೆ ಹೊಡೆಯಿತು. ಬಾಗಿಲ ಸಂದಿಯಿಂದ ನೀರು ನುಗ್ಗಿ ಮೂಟೆಗಳು ನೆನೆದವು. ಆ ವಾಸನೆಗೆ ನನ್ನ ಮನೆ, ಅಪ್ಪನ ಶೆಡ್ಡು ಎಲ್ಲ ನೆನಪಾಗಿ ಅಳುವೇ ಬಂತು. ವಿಮಾನ ಒಮ್ಮೆ ಮೇಲಕ್ಕೆ ಎಗರಿತು, ಒಮ್ಮೆ ಹಗ್ಗ ಕಡಿದ ಕೊಡದ ಹಾಗೆ ಬಿತ್ತು. ನಾನು ಹಿಡಿಕೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ.

"ರೆಕ್ಕೆ ಸಮ ಇಟ್ಕಾ ಸಾಕು. ಮೇಲೆ ಕೆಳಗೆ ಹೋಗಾದು ಅದರ ಇಷ್ಟ," ಎಂದರು ಕ್ಯಾಪ್ಟನ್. ಆಮೇಲೆ ತಟ್ಟನೆ, "ನಿಮ್ಮೂರಿಂದ ನಮ್ಮೂರಿಗೆ ಬಸ್ ಬಿಡಪ್ಪ. ಎಲ್ಲೆಲ್ಲಿ ನಿಲ್ತೈತೆ ಹೇಳು," ಎಂದರು.

ನನಗೆ ತಲೆ ಕೆಟ್ಟಿದೆಯೋ ಇವರಿಗೆ ಕೆಟ್ಟಿದೆಯೋ ತಿಳಿಯಲಿಲ್ಲ. ಆದರೂ ಬಾಯಿ ಬಿಟ್ಟೆ. ರಾಯದುರ್ಗ ಬಸ್ ಸ್ಟ್ಯಾಂಡು, ಅಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವ ಅಂಗಡಿ. ಗುಮ್ಮಘಟ್ಟದ ಕಡೆಗೆ ಹೋಗುವ ಕುರಿಯವರು, ಕಂಬಳಿ ಸಮೇತ ಹತ್ತಿದರು. ಕಲ್ಯಾಣದುರ್ಗ, ಡ್ರೈವರ್ ಚಹಾ ಕುಡಿಯಲು ಇಳಿದ. "ಡ್ರೈವರ್ ಬಂದ್ನಾ?" ಎಂದು ಅವರು ಕೇಳುವರು. "ಇನ್ನೂ ಬಂದಿಲ್ರಿ ಅಣ್ಣಾ, ಬೀಡಿ ಸೇದಾಕತ್ಯಾನ," ಎನ್ನುವೆ. ಕಂಬದೂರು, ಟಾಪಿನ ಮೇಲೆ ಶೇಂಗಾ ಮೂಟೆ. ಪಾವಗಡ, ಬಂಡೆಯ ಗುಡ್ಡ ಕಂಡಿತು... ಹೀಗೆ ಹೇಳುತ್ತ ಹೇಳುತ್ತ ನನ್ನ ಕೈ ಸಡಿಲವಾಯಿತು. ನಿಜಕ್ಕೆ ಅಂಥ ನೇರ ಬಸ್ಸೇ ಇರಲಿಲ್ಲ, ಕಲ್ಯಾಣದುರ್ಗದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಮೋಡದೊಳಗೆ ಮಾತ್ರ ನಮ್ಮದು ನೇರ ಬಸ್ಸು.

ಅವತ್ತಿನಿಂದ ಬಿರುಗಾಳಿಗೆ ಸಿಕ್ಕಾಗಲೆಲ್ಲ ನಾನು ಬಸ್ಸು ಬಿಡಬೇಕಿತ್ತು, ಪಾವಗಡ ಬಂದ ಕೂಡಲೇ ಅವರು ಕೈ ಎತ್ತಿ ನಿಲ್ಲಿಸಿಬಿಡುತ್ತಿದ್ದರು. ಅದು ಅವರ ಕಟ್ಟುನಿಟ್ಟು. ಪಾವಗಡದಿಂದ ಆಚೆಯದು ಅವರ ಪಾಲಿನದು, ಅದನ್ನು ಗಾಳಿಯಲ್ಲಿ ಹೇಳುವಂತಿಲ್ಲ. ಮಳೆ ದಾಟಿ, ಬೆಟ್ಟ ದಾಟಿ, ಚಕ್ರ ಹುಲ್ಲಿಗೆ ತಾಗಿ ವಿಮಾನ ಕುಲುಕಾಡಿ ನಿಂತ ಮೇಲೆ, ಕಂಡಕ್ಟರನ ದನಿಯಲ್ಲಿ ಕೂಗುತ್ತಿದ್ದರು: "ಮಡಕಶಿರ! ಇಳೀರಪ್ಪ, ಇಳೀರಿ!" ಆಮೇಲೆ ರೆಕ್ಕೆಯ ನೆರಳಲ್ಲಿ ಕೂತು, ಫ್ಲಾಸ್ಕಿನ ಚಹಾ ಕುಡಿಯುತ್ತ ಉಳಿದದ್ದನ್ನು ಹೇಳುವರು. ಕೆರೆ ಏರಿ, ಏರಿಯ ಮೇಲಿನ ಹುಣಸೆ ಮರ, ಅದರಾಚೆ ಹಿಪ್ಪುನೇರಳೆ ತೋಟ, ತೋಟದಲ್ಲಿ ಅವರ ತಂಗಿ.

ಆ ತಂಗಿಯೊಬ್ಬಳೇ ಅವರಿಗೆ ಉಳಿದವಳು. ರೇಷ್ಮೆ ಹುಳ ಸಾಕುತ್ತಿದ್ದಳು. ಅಮ್ಮ ತೀರಿಕೊಂಡ ಸುದ್ದಿ ಬಂದಾಗ ಕ್ಯಾಪ್ಟನ್ ಒಂದು ಬೆಟ್ಟದ ಹಳ್ಳಿಯಲ್ಲಿ ಮಳೆಗೆ ಸಿಕ್ಕಿಕೊಂಡಿದ್ದರು. ಮೋಡ ತೆರೆಯುವಷ್ಟರಲ್ಲಿ ಊರಲ್ಲಿ ಎಲ್ಲ ಮುಗಿದಿತ್ತು. ಅದಾದ ಮೇಲೆ ಅವರು ಊರಿಗೇ ಹೋಗಲಿಲ್ಲ. ತಂಗಿ ಫೋನಿನಲ್ಲಿ ಬಾ ಬಾ ಎನ್ನುತ್ತಿದ್ದಳು. ಹೋಗದೆ ಇದ್ದಷ್ಟೂ ಹೋಗುವುದು ಕಷ್ಟವಾಗುತ್ತದೆ, ಅದು ನನಗೂ ಗೊತ್ತು. ಸಿಡಿಲಿಗೆ ಹೆದರದ ಮನುಷ್ಯ ತಂಗಿಯ ಮುಖ ನೋಡಲು ಹೆದರುತ್ತಿದ್ದರು.

"ಈ ಮಳೆಗಾಲ ಮುಗೀಲಿ, ಇಬ್ರೂ ಹೋಗಾನ," ಎಂದರು ಒಮ್ಮೆ. "ನಿಮ್ಮೂರಾಗೆ ಒಗ್ಗರಣೆ ತಿಂದು ಬಸ್ ಹತ್ತಾನ. ನೀನು ಪಕ್ಕದಾಗಿದ್ರೆ ಇಳೀತೀನಿ ಕಣ್ಲಾ. ಇಲ್ದಿದ್ರೆ ಪಾವಗಡದಾಗೇ ವಾಪಸ್ ಬಂದ್‌ಬಿಡ್ತೀನಿ."

"ಎಳಕೊಂಡಾದ್ರೂ ಹೋಗ್ತೀನ್ರಿ ಅಣ್ಣಾ," ಎಂದಿದ್ದೆ. ತಂಗಿಗೂ ಫೋನು ಮಾಡಿ ತಿಳಿಸಿದ್ದರು. ಆ ದಿನ ಅವರು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಂಡದ್ದು ನೆನಪಿದೆ. ಅಷ್ಟು ಹಗುರಾಗಿದ್ದರು.

ಮಳೆಗಾಲದ ಕೊನೆಯ ದಿನಗಳಲ್ಲಿ ನನಗೆ ಶೀತವಾಗಿ ಕಿವಿ ಕಟ್ಟಿತು. ಕಿವಿ ಕಟ್ಟಿದವನು ಮೇಲೆ ಹೋದರೆ ತಮಟೆಯೇ ಹರಿದುಹೋಗುತ್ತದೆ. ಕ್ಯಾಪ್ಟನ್ ನನ್ನನ್ನು ಬಿಟ್ಟು ಒಬ್ಬರೇ ಹೊರಟರು. ಬೆಟ್ಟದ ಹಳ್ಳಿಗೆ ಅಕ್ಕಿ ಇಳಿಸಿ, ಖಾಲಿ ವಿಮಾನದಲ್ಲಿ ಮಧ್ಯಾಹ್ನದೊಳಗೆ ಬರಬೇಕಿತ್ತು. ಬರಲಿಲ್ಲ. ನಾನು ರೇಡಿಯೋ ಕೋಣೆಗೆ ಹೋಗಿ ಕೂತೆ. ಕಿಟಕಿಯಲ್ಲಿ ಬೆಟ್ಟಗಳೇ ಕಾಣುತ್ತಿರಲಿಲ್ಲ, ಕಪ್ಪು ಗೋಡೆಯೊಂದೇ ಕಾಣುತ್ತಿತ್ತು.

ಕೊನೆಗೆ ಅವರ ದನಿ ಬಂತು. ಕಣಿವೆ ಹಿಂದೆಯೂ ಮುಂದೆಯೂ ಮುಚ್ಚಿದೆ, ಆಲಿಕಲ್ಲು ಬಿದ್ದು ಮುಂದಿನ ಗಾಜು ಸೀಳಿದೆ, ಎಂಜಿನ್ ನಿಂತು ನಿಂತು ಓಡುತ್ತಿದೆ. ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಎಂಜಿನ್ನಿಗೆ ಒಂದು ಬೈಗುಳವೂ ಇಲ್ಲ. ಪರಿಸ್ಥಿತಿ ಕೈಮೀರಿದೆ ಎಂದು ನನಗೆ ಗೊತ್ತಾದದ್ದು ಆಗ.

"ರಾಯದುರ್ಗ, ಅಲ್ಲಿದೀಯೇನ್ಲಾ?"

ರೇಡಿಯೋ ನೋಡಿಕೊಳ್ಳುವ ಅಲ್ಲಿಯ ಹೆಣ್ಣುಮಗಳು ಮೈಕನ್ನು ನನ್ನ ಕಡೆ ತಳ್ಳಿದಳು. "ಇದ್ದೀನ್ರಿ ಅಣ್ಣಾ."

"ಬಸ್ ಬಿಡಪ್ಪ."

ಬಿಟ್ಟೆ. ಕುರಿಯವರನ್ನು ಹತ್ತಿಸಿದೆ, ಡ್ರೈವರನಿಗೆ ಚಹಾ ಕುಡಿಸಿದೆ, ಶೇಂಗಾ ಮೂಟೆ ಏರಿಸಿದೆ. ಬೇಕೆಂದೇ ಬಸ್ಸನ್ನು ನಿಧಾನ ಮಾಡಿದೆ, ಇಲ್ಲದ ಊರುಗಳಲ್ಲೆಲ್ಲ ನಿಲ್ಲಿಸಿದೆ. ಪಾವಗಡ ಬರಬಾರದು ಎನ್ನಿಸುತ್ತಿತ್ತು. ಆದರೆ ದಾರಿ ಎಷ್ಟೆಂದು ಎಳೆಯಲಾಗುತ್ತದೆ... ಪಾವಗಡ ಬಂತು.

"ಇನ್ನ ಮುಂದಿಂದು ನಾನ್ ಹೇಳ್ತೀನಿ," ಎಂದರು.

"ಬ್ಯಾಡ್ರಿ ಅಣ್ಣಾ! ನೆಲಕ್ಕ ಇಳಿದ ಮ್ಯಾಲೆ ಹೇಳ್ರಿ! ಈಗ ಯಾಕ ಹೇಳ್ತೀರಿ?" ನಾನು ಕಿರುಚುತ್ತಿದ್ದೆ.

"ಕೆರೆ ಏರಿ ಬಂತು," ಎಂದರು. ದನಿ ಬಹಳ ತಣ್ಣಗಿತ್ತು. "ಹುಣ್ಸೆ ಮರ... ತೋಟಕ್ಕೆ ನೀರ್ ಬಿಟ್ಟವ್ರೆ. ನಮ್ ತಂಗಿ ಸೊಪ್ಪು ಕುಯ್ತಾವ್ಳೆ. ತಲೆ ಎತ್ತಿ ನೋಡ್ತಾವ್ಳೆ ಕಣ್ಲಾ..." ಸ್ವಲ್ಪ ಹೊತ್ತು ಬರೀ ಗೊರಗೊರ ಸದ್ದು. ಆಮೇಲೆ, ಕೂಗಿ ಅಲ್ಲ, ಮೆಲ್ಲಗೆ: "ಮಡಕಶಿರ. ಇಳೀರಪ್ಪ... ಇಳೀರಿ."

ಅಷ್ಟೇ. ಆ ಹೆಣ್ಣುಮಗಳು ಎಷ್ಟು ಸಲ ಕರೆದಳೋ. ಅವಳಿಗೆ ಕನ್ನಡದ ಒಂದಕ್ಷರ ತಿಳಿಯದು, ಆದರೂ ಅವಳು ಅಳುತ್ತಿದ್ದಳು.

ಮಳೆ ಬಿಟ್ಟ ಮೇಲೆ ಹೆಲಿಕಾಪ್ಟರು ಹುಡುಕಿತು. ಆ ಕಾಡು ಏನನ್ನು ನುಂಗಿದರೂ ಮತ್ತೆ ಮುಚ್ಚಿಕೊಳ್ಳುತ್ತದೆ. ಏನೂ ಸಿಗಲಿಲ್ಲ. ನಾನು ಕೆಲಸ ಬಿಟ್ಟು ಊರಿಗೆ ಬಂದೆ. ಸುದ್ದಿ ತಂಗಿಗೆ ಮುಟ್ಟಿತ್ತು. ಆದರೂ ಅವರ ಜೊತೆ ಹೋಗುತ್ತೇನೆಂದು ಹೇಳಿದವನು ನಾನು; ಒಬ್ಬನೇ ಹೊರಟೆ. ಬಸ್ ಸ್ಟ್ಯಾಂಡಿನ ಒಗ್ಗರಣೆಯನ್ನು ಅರ್ಧಕ್ಕೇ ಬಿಟ್ಟೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿದೆ. ಪಾವಗಡ ದಾಟಿದ ಮೇಲೆ ಕಣ್ಣು ಮುಚ್ಚಿ ಕೂತೆ. ತೆರೆದಾಗ ಕೆರೆ ಏರಿ ಇತ್ತು, ಹುಣಸೆ ಮರ ಇತ್ತು. ಕಂಡಕ್ಟರ್ ಕೂಗಿದ. ಎಲ್ಲರೂ ಇಳಿದರು. "ಯಾಕ್ಸಾರ್ ಕುಂತ್ರಿ, ಇಳೀರಿ," ಎಂದು ಅವನು ಭುಜ ಮುಟ್ಟಿದ ಮೇಲೆ ಎದ್ದೆ.

ತೋಟದಲ್ಲಿ ಆಕೆ ಸೊಪ್ಪು ಕೊಯ್ಯುತ್ತಿದ್ದರು. ಅಣ್ಣನದೇ ಮೂಗು, ಅಣ್ಣನದೇ ಹಣೆ. ನಾನು ಯಾರೆಂದು ಹೇಳಿದೆ. ಸೊಪ್ಪಿನ ಕಟ್ಟು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು.

"ಕೊನೆಗೆ ಏನಂದ?" ಎಂದು ಕೇಳಿದರು.

"ಮಡಕಶಿರ ಬಂತು ಅಂದ್ರಕ್ಕ. ನೀವು ಸೊಪ್ಪು ಕೊಯ್ಯೋದು ಕಾಣ್ತೈತಿ ಅಂದ್ರು."

ಆಕೆ ನನ್ನ ಹೆಗಲಾಚೆ, ನಾನು ನಡೆದು ಬಂದ ದಾರಿಯನ್ನು ನೋಡಿದರು. "ಬಂತು ಅಂದ್ನಾ?" ಎಂದರು. "ಮತ್ತೆ ಎಲ್ಲಪ್ಪ ಅವ್ನು?"



ಮೊನ್ನೆ ಮಳೆ ಸಂಜೆಯ ತನಕ ಹೊಡೆಯಿತು. ಹೆಂಗಸರು ಒದ್ದೆ ಪ್ಯಾಂಟುಗಳನ್ನು ಬಿಡಿಸಿ ಶೆಡ್ಡಿನೊಳಗೇ ಹಗ್ಗಕ್ಕೆ ಹಾಕಿದರು. ಗುಡುಗಿದಾಗ ನನ್ನ ತುಟಿ ತಾನಾಗಿ ಅಲ್ಲಾಡಿತು. ರಾಯದುರ್ಗ, ಗುಮ್ಮಘಟ್ಟದ ಕುರಿಯವರು, ಕಲ್ಯಾಣದುರ್ಗ, ಕಂಬದೂರು... ಪಾವಗಡದ ಹತ್ತಿರ ಬಂದು ನಿಲ್ಲಿಸಿದೆ. ಮುಂದಿನದನ್ನು ಹೇಳಬೇಕಾದವರು ಅವರು. ತಗಡಿನ ಮೇಲೆ ಮಳೆ ಹೊಡೆಯುತ್ತಲೇ ಇತ್ತು. ನಾನು ಕೇಳುತ್ತ ಕೂತಿದ್ದೆ.